ತೊಟ್ಟಿಲಲ್ಲಿ ಇಟ್ಟ ಹೆಸರು, ಬಾಯಲ್ಲಿ ಉಳಿದ ಹೆಸರು

ಮಕ್ಕಳ ಹೆಸರಿನ ವಿಚಾರವಾಗಿ ಆಳಂದ, ಅಫಜಲಪುರ, ಜೇವರ್ಗಿ, ಕಲಬುರಗಿ ಕಡೆಯವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ನಮ್ಮ ಮನ್ಯಾಗ ಹ್ವಾದ ತಿಂಗಳ ಮೊಮ್ಮಗ ಹುಟ್ಯಾನ. ನಮ್ಮಪ್ಪನ ಹೆಸರು ಶರಣಬಸಪ್ಪ. ಅದೇ ಹೆಸರು ಇಡಬೇಕಂತ ನನ್ನ ಆಸೆ. ‘ಅದು ಹಳೇ ಹೆಸರು, ಸಾಲ್ಯಾಗ ಹುಡುಗರು ನಗತಾವ, ಶರಣ್ ಅಂತ ಇಡೋಣು’ ಅಂತಾರ ಮಗ, ಸೊಸಿ. ಬೆಂಗಳೂರಾಗಿನ ಬೀಗರು ಶರಣ್ಯ ಅಂತಾರ. ಈ ಹೆಸರು ನಮ್ಮ ಕಡೆ ಯಾವಾಗ ಬಂತು, ಈಗ ಯಾಕ ಕಡಿಮಿ ಆಗ್ಲಾಕತ್ತದ, ಇಡಬೇಕೋ ಬ್ಯಾಡೋ, ತಿಳಿಸ್ರಿ.
— ಒಬ್ಬ ರೈತರು, ನೆಲೋಗಿ

ಹಿರಿಯರೇ, ಶರಣ್ಯದ ಮಾತು ಮೊದಲು ಮುಗಿಸೋಣ. ಅದು ಈಗ ಹೆಣ್ಣುಮಕ್ಕಳ ಹೆಸರಾಗಿಯೇ ನಡೆದಿದೆ. ಮೊಮ್ಮಗನಿಗೆ ಬೇಡ.

ಶರಣಬಸಪ್ಪ ಎಂಬ ಹೆಸರಿನ ಬೇರು ನಿಮ್ಮ ಊರಿನ ಸುತ್ತಿನಲ್ಲೇ ಇದೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು 1746ರಲ್ಲಿ, ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ. ಒಕ್ಕಲುತನದ ಮನೆಯಿಂದ ಬಂದು ಕಲಬುರಗಿಯಲ್ಲಿ ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಶರಣ, ಬಸವ ಎರಡೂ ಅವರಿಗಿಂತ ಆರುನೂರು ವರ್ಷ ಹಿಂದಿನ ಕಲ್ಯಾಣದ ಮಾತುಗಳು. ಎರಡನ್ನೂ ಕೂಡಿಸಿದ ಹೆಸರು ಈ ಸೀಮೆಯ ಮನೆಮನೆಯ ತೊಟ್ಟಿಲಿಗೆ ಬಂದದ್ದು ಜನ ಅಪ್ಪನ ಗುಡಿ ಎನ್ನುವ ಅವರ ಗುಡಿಯಿಂದ, ಆ ಗುಡಿಯ ದಾಸೋಹದಿಂದ, ಹೋಳಿ ಹುಣ್ಣಿಮೆ ಆದಮೇಲೆ ನಡೆಯುವ ತೇರಿನಿಂದ. ಮಕ್ಕಳಾಗದವರು ಹರಕೆ ಹೊತ್ತು ಇಟ್ಟರು, ಬರಗಾಲದಲ್ಲಿ ಆ ಗುಡಿಯ ಅನ್ನ ಉಂಡವರು ನೆನಪಿಗೆ ಇಟ್ಟರು. ಹುಬ್ಬಳ್ಳಿ–ಧಾರವಾಡದ ಕಡೆ ಬಸಪ್ಪ, ಬಸವರಾಜ ಎಷ್ಟು ಬೇಕಾದರೂ ಸಿಗುತ್ತಾರೆ. ಶರಣಬಸಪ್ಪ ಎಂದು ಯಾರಾದರೂ ಹೇಳಿದರೆ ಮಾತ್ರ ‘ಕಲಬುರಗಿ ಕಡೆಯವರೇನ್ರಿ?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಒಂದು ಹೆಸರು ಊರನ್ನು ಇಷ್ಟು ಖಚಿತವಾಗಿ ಹೇಳುವುದು ಕಡಿಮೆ.

ಅದನ್ನು ಉಚ್ಚರಿಸುವ ರೀತಿ ಕಾಲಕಾಲಕ್ಕೆ ಸವೆದಿದೆ. ಬರಹದಲ್ಲಿ ಶರಣಬಸಪ್ಪ, ಬಾಯಲ್ಲಿ ‘ಶರ್ಣಬಸಪ್ಪ’. ನಡುವಿನ ಗಿಡ್ಡ ಸ್ವರವನ್ನು ನುಂಗುವುದು ಈ ಭಾಗದ ಮಾತಿನ ಗುಣ. ಕಲಬುರಗಿ ‘ಕಲ್ಬುರ್ಗಿ’ ಆದದ್ದೂ ಹಾಗೆಯೇ. ಕಲಬುರಗಿಯಲ್ಲಿ 2017ರಲ್ಲಿ ಆರಂಭವಾದ ಶರಣಬಸವ ವಿಶ್ವವಿದ್ಯಾಲಯದ ಇಂಗ್ಲಿಷ್ ಬೋರ್ಡನ್ನು ನೋಡಿ: ‘ರ’ಕಾರದ ಮುಂದೆ ‘ಎ’ ಇಲ್ಲ, ‘ಣ’ದ ಮುಂದೆ ಇಲ್ಲ, ‘ಸ’ದ ಮುಂದೆಯೂ ಇಲ್ಲ. ಅಲ್ಲಿರುವುದು ಜನರ ಬಾಯಿಯ ‘ಶರ್ಣಬಸ್ವ’. ಹೊರಗಿನವರು ಅದನ್ನು ಕಾಗುಣಿತದ ತಪ್ಪೆಂದು ತಿಳಿಯಬಹುದು. ನನಗೆ ಅದು ಈ ನೆಲದ ದನಿಯನ್ನು ಇದ್ದಂತೆ ಇಟ್ಟುಕೊಂಡ ಬರಹ.

ಕಡಿಮೆ ಆಗುತ್ತಿರುವುದು ಖರೆ. ಅಮೆರಿಕದಲ್ಲಿ 1880ರಿಂದೀಚೆಗೆ ಯಾವ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಎಂಬ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಆದರೆ ನಿಮ್ಮೂರಿನ ಮತದಾರರ ಪಟ್ಟಿ ಇದೆ. ಅದರಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು ಮೂರೂ ಒಂದೇ ಚೌಕದಲ್ಲಿ ಇರುತ್ತವೆ. ಎಪ್ಪತ್ತು ದಾಟಿದವರ ಚೌಕಗಳನ್ನಷ್ಟೇ ಓದುತ್ತ ಹೋಗಿ: ನಿಂಗಪ್ಪ, ಶರಣಪ್ಪ, ಸಾಯಬಣ್ಣ, ಮಲ್ಕಪ್ಪ, ಈರಮ್ಮ, ಸಿದ್ದಮ್ಮ, ಗುರುಬಾಯಿ. ಐವತ್ತರ ಆಚೀಚೆ ಬಂದರೆ ಬಸವರಾಜ, ಮಲ್ಲಿನಾಥ, ಜಗದೇವಿ, ಮಹಾದೇವಿ, ಶಶಿಕಲಾ. ಮೂವತ್ತಕ್ಕೆ ಬಂದರೆ ಸಂತೋಷ, ಮಂಜುನಾಥ, ಅಂಬಿಕಾ, ಭಾಗ್ಯಶ್ರೀ. ಇಪ್ಪತ್ತರ ಹುಡುಗರಲ್ಲಿ ಹೆಸರಿನ ಕೊನೆಯ ಸ್ವರವೇ ಹೋಗಿ ಸಚಿನ್, ಅಭಿಷೇಕ್, ವಿಕಾಸ್. ಅದೇ ಚೌಕದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಮಾತ್ರ ಶರಣಬಸಪ್ಪ ಇನ್ನೂ ಕೂತಿರುತ್ತಾನೆ. ಒಂದು ತಲೆಮಾರು ಮುಗಿದರೆ ಅಲ್ಲಿಂದಲೂ ಏಳುತ್ತಾನೆ.

ಕಾರಣ ಹುಡುಕುವವರು ಸಿನಿಮಾ, ಟಿವಿ, ಇಂಗ್ಲಿಷ್ ಶಾಲೆ ಅನ್ನುತ್ತಾರೆ. ಇರಬಹುದು. ಅದಕ್ಕಿಂತ ದೊಡ್ಡ ಕಾರಣ ಮನೆಯ ಗಾತ್ರ ಎಂದು ನನಗೆ ಅನಿಸುತ್ತದೆ. ಐದಾರು ಮಕ್ಕಳಿದ್ದ ಮನೆಯಲ್ಲಿ ಹಿರಿಯನಿಗೆ ಮುತ್ಯಾನ ಹೆಸರು, ಎರಡನೆಯವನಿಗೆ ತಾಯಿಯ ಕಡೆಯ ಮುತ್ಯಾನದು, ಮೂರನೆಯದಕ್ಕೆ ಮನೆದೇವರದು, ಉಳಿದವಕ್ಕೆ ಮನಸ್ಸಿಗೆ ಬಂದದ್ದು. ಈಗ ಮಕ್ಕಳು ಒಂದೋ ಎರಡೋ. ಹಿರಿಯರಿಗೆ, ದೇವರಿಗೆ, ತಂದೆತಾಯಿಯ ಆಸೆಗೆ ಎಲ್ಲಕ್ಕೂ ಸೇರಿ ಇರುವುದು ಒಂದೇ ತೊಟ್ಟಿಲು. ನಿಮ್ಮ ಮನೆಯ ಜಗಳ ಅದೇ.

ಇನ್ನೊಂದು ಮಾತು. ಸೊಸೆಯಂದಿರು ಮಾವನ ಹೆಸರು ಹಿಡಿದು ಕರೆಯಬಾರದೆಂಬ ಕಟ್ಟು ನಮ್ಮಲ್ಲಿತ್ತು. ಹಾಗಾಗಿ ಮುತ್ಯಾನ ಹೆಸರಿನ ಕೂಸನ್ನು ತಾಯಿ ‘ಅಪ್ಪಾಜಿ’, ‘ಅಪ್ಪು’, ‘ಮುತ್ಯಾ’ ಎಂದೇ ಎತ್ತಾಡಿಸುತ್ತಿದ್ದಳು. ಕಾಗದದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಎಂಬುದು ನಮಗೆ ಹೊಸದಲ್ಲ. ಮುತ್ಯಾನ ಹೆಸರು ಮೊಮ್ಮಗನಿಗೆ ಬರುವುದನ್ನು ಶರಣಬಸವೇಶ್ವರ ಸಂಸ್ಥಾನದಲ್ಲೇ ನೋಡಿ. 2025ರ ಆಗಸ್ಟಿನಲ್ಲಿ ಲಿಂಗೈಕ್ಯರಾದ ಎಂಟನೆಯ ಪೀಠಾಧಿಪತಿ ಶರಣಬಸಪ್ಪ ಅಪ್ಪ ಅವರ ತಂದೆ ದೊಡ್ಡಪ್ಪ ಅಪ್ಪ. ಮಗನ ಹೆಸರೂ ದೊಡ್ಡಪ್ಪ ಅಪ್ಪ. ಮುತ್ಯಾನ ಹೆಸರು ಒಂದು ತಲೆಮಾರು ದಾಟಿ ಬಂದು ಕೂತಿದೆ.

ಇಡಬೇಕು ಅನ್ನುತ್ತೇನೆ. ಜನನ ಪ್ರಮಾಣಪತ್ರದಲ್ಲಿ ಶರಣಬಸಪ್ಪ ಅಂತಲೋ ಶರಣಬಸವ ಅಂತಲೋ ಬರೆಸಿ. ಮನೆಯಲ್ಲಿ ‘ಶರಣು’ ಎಂದು ಕರೆಯಿರಿ. ಮಗ–ಸೊಸೆ ಕೇಳುವ ಗಿಡ್ಡತನವೂ ಅದರಲ್ಲಿದೆ, ಕೊನೆಗೆ ಸ್ವರವೂ ಇದೆ. ಅವರು ಒಪ್ಪದಿದ್ದರೆ ಒತ್ತಾಯ ಬೇಡ. ದಿನಕ್ಕೆ ನೂರು ಸಲ ಆ ಹೆಸರು ಕೂಗುವವರು ಅವರು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಮೊದಲು ಹೇಳುವ ಹೆಸರು ಶರಣಬಸಪ್ಪ ಇರಲಿ. ಅಷ್ಟನ್ನು ಯಾವ ಸೊಸೆಯೂ ಬೇಡ ಅನ್ನಲಾರಳು.

ಒಂದನೇ ತರಗತಿಗೆ ಮಕ್ಕಳನ್ನು ದಾಖಲು ಮಾಡಿಕೊಳ್ಳುವಾಗ ಪಾಲಕರು ಈರಣ್ಣ, ಇಠಲ, ನಿಂಗಪ್ಪ, ಎಂಕಪ್ಪ, ಹಣಮಂತ ಎಂದು ಹೇಳುತ್ತಾರೆ. ನಾನು ವೀರಣ್ಣ, ವಿಠ್ಠಲ, ಲಿಂಗಪ್ಪ, ವೆಂಕಪ್ಪ, ಹನುಮಂತ ಎಂದು ತಿದ್ದಿ ಬರೆದುಕೊಳ್ಳಬೇಕೇ? ಸಹೋದ್ಯೋಗಿಗಳಲ್ಲಿ ಎರಡು ಅಭಿಪ್ರಾಯವಿದೆ.
— ಶಿಕ್ಷಕಿ, ಆಳಂದ ತಾಲ್ಲೂಕು

ತಿದ್ದಬೇಡಿ ಟೀಚರ್. ಆಸ್ಪತ್ರೆಯ ಜನನ ಪ್ರಮಾಣಪತ್ರದಲ್ಲಿ ಇದ್ದಂತೆ ಬರೆದುಕೊಳ್ಳಿ. ಅದರಲ್ಲಿ ಈರಣ್ಣ ಇದ್ದರೆ ಈರಣ್ಣ.

ವಕಾರದಿಂದ ಶುರುವಾಗಿ ಇ, ಎ ಸ್ವರ ಹತ್ತಿದ ಮಾತುಗಳಲ್ಲಿ ವಕಾರ ಉದುರುವುದು ನಮ್ಮ ಆಡುಮಾತಿನ ಹಳೆಯ ನಡೆ. ವೀರ ಈರ, ವೆಂಕ ಎಂಕ, ವಿಠಲ ಇಠಲ. ಲಿಂಗದ ಲಕಾರ ತನ್ನ ಮುಂದಿನ ಅನುನಾಸಿಕದ ಸೆಳೆತಕ್ಕೆ ನಕಾರವಾಗಿ ನಿಂಗ ಆಗುತ್ತದೆ. ಹಣಮಂತ ನಮ್ಮೊಬ್ಬರದೇ ಅಲ್ಲ. ನಿಮ್ಮ ತಾಲ್ಲೂಕಿನ ಗಡಿ ದಾಟಿ ಅಕ್ಕಲಕೋಟ, ಸೊಲ್ಲಾಪುರಕ್ಕೆ ಹೋದರೆ ಮರಾಠಿಯಲ್ಲೂ ಹಣಮಂತನೇ ಸಿಗುತ್ತಾನೆ. ಇವೆಲ್ಲ ಮಾತಿನೊಳಗಿನ ಕಟ್ಟಳೆಯಂತೆ ಆದ ಬದಲಾವಣೆಗಳು. ನಾಲಿಗೆ ತಿರುಗದ್ದರಿಂದ ಆದ ತಪ್ಪುಗಳೆಂದು ಯಾವ ಮಗುವಿಗೂ ಹೇಳಬಾರದು.

ನಿಮ್ಮ ಸಹೋದ್ಯೋಗಿಗಳಿಗೆ ಒಂದು ಕಲ್ಲನ್ನು ತೋರಿಸಿ. ಭೀಮಾ ನದಿ ಅಫಜಲಪುರ, ಜೇವರ್ಗಿ ದಾಟಿ ಚಿತ್ತಾಪುರದ ಕಡೆ ಹರಿಯುವಲ್ಲಿ ಸನ್ನತಿ ಇದೆ, ಅದರ ಪಕ್ಕದಲ್ಲಿ ಕನಗನಹಳ್ಳಿ. ಅಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧ ಸ್ತೂಪದ ಅವಶೇಷಗಳ ನಡುವೆ ಒಂದು ಚಪ್ಪಡಿ ಸಿಕ್ಕಿತು. ರಾಣಿ, ಸೇವಕಿಯರೊಂದಿಗೆ ನಿಂತ ಅರಸ. ಅವನು ಯಾರೆಂದು ಕೆತ್ತಿದವನೇ ಬ್ರಾಹ್ಮಿ ಲಿಪಿಯಲ್ಲಿ ಬರೆದಿದ್ದಾನೆ: ‘ರಾಯ ಅಸೋಕೋ’. ಅಶೋಕ ಅಲ್ಲ, ಅಸೋಕೋ. ಶಕಾರ ಇಲ್ಲ, ಸಕಾರ ಇದೆ. ಮಸ್ಕಿಯ ಬಂಡೆಯ ಮೇಲೂ ಹಾಗೆಯೇ. ಚಕ್ರವರ್ತಿಯ ಹೆಸರನ್ನೇ ಆ ಕಾಲದ ಜನ ತಮ್ಮ ಬಾಯಿಗೆ ಒಗ್ಗಿದಂತೆ ಕಲ್ಲಿನಲ್ಲಿ ಬರೆದರು. ಎರಡು ಸಾವಿರ ವರ್ಷ ಆದಮೇಲೆ ಅದೇ ನದಿಯ ದಂಡೆಯ ಅವ್ವ ಮಗನನ್ನು ‘ಸರಣಪ್ಪಾ’ ಎಂದು ಕರೆದರೆ ಸಾಲೆಯಲ್ಲಿ ಅವನಿಗೆ ಯಾಕೆ ನಾಚಿಕೆ ಆಗಬೇಕು?

ಶ, ಸ, ಷಗಳ ಉಚ್ಚಾರ ಕಲಿಸುವುದು ನಿಮ್ಮ ಕೆಲಸ, ಅದನ್ನು ಬಿಡಬಾರದು. ಪಾಠ ಓದುವಾಗ ಕಲಿಸಿ. ಹಾಜರಿ ಕರೆಯುವಾಗ ಮಾತ್ರ ಮಗು ತನ್ನ ಹೆಸರನ್ನು ಹೇಗೆ ಹೇಳುತ್ತದೋ ಹಾಗೆ ಕರೆಯಿರಿ. ಜೇವರ್ಗಿಯಲ್ಲಿ 17ನೇ ಶತಮಾನದಲ್ಲಿದ್ದ ವಚನಕಾರ ಷಣ್ಮುಖ ಶಿವಯೋಗಿಗಳ ಹೆಸರು ಇಟ್ಟುಕೊಂಡ ಮನೆಗಳಲ್ಲಿ ‘ಸಣಮುಕಪ್ಪ’ ಎಂಬ ಕರೆ ಕೇಳುತ್ತದೆ. ಆ ಕರೆಯಲ್ಲಿ ಭಕ್ತಿ ಒಂದು ಗುಂಜಿಯೂ ಕಡಿಮೆ ಇಲ್ಲ.

ನನ್ನ ಹೆಸರು ತಿಪ್ಪಮ್ಮ. ವಯಸ್ಸು ಅರವತ್ತರ ಹತ್ತಿರ. ಸಣ್ಣಾಕಿ ಇದ್ದಾಗಿಂದ ಈ ಹೆಸರಿಗೆ ನಾಚಿಕೊಂಡೇ ಬದುಕಿದ್ದೀನಿ. ಈಗ ಮೊಮ್ಮಕ್ಕಳು ‘ತಿಪ್ಪಿ ಅಂದ್ರ ಕಸ ಅಲ್ಲೇನವ್ವಾ’ ಅಂತ ಕೇಳ್ತಾವ. ನಮ್ಮವ್ವ ಯಾಕ ಇಂಥ ಹೆಸರು ಇಟ್ಟಳು? ಈಗ ಬದಲಿ ಮಾಡಲಿಕ್ಕೆ ಬರತದೇನು?
— ಅಫಜಲಪುರ ತಾಲ್ಲೂಕು

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗಿಂತ ಮುಂಚೆ ನಿಮ್ಮ ಅವ್ವನಿಗೆ ಮಕ್ಕಳು ಹುಟ್ಟಿ ಉಳಿಯದೆ ಹೋಗಿದ್ದವೇ? ಮನೆಯ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ. ಬಹಳ ಮನೆಗಳಲ್ಲಿ ಈ ಹೆಸರಿನ ಹಿಂದೆ ಆ ಕಥೆ ಇರುತ್ತದೆ. ಕೂಸುಗಳು ಒಂದರ ಹಿಂದೆ ಒಂದು ಕೈ ಬಿಟ್ಟುಹೋದಾಗ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. ಇದು ಬೇಡದ ಕೂಸು ಎಂದು ತಿಳಿದು ಸಾವು ಮುಟ್ಟದೆ ಹೋಗಲಿ ಎಂಬ ನಂಬಿಕೆ. ಎತ್ತಿಕೊಂಡ ಕೂಸಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಇಡುತ್ತಿದ್ದರು. ಕಲ್ಲಿನ ಹಾಗೆ ಗಟ್ಟಿ ಉಳಿಯಲಿ ಎಂದು ಕಲ್ಲಪ್ಪ, ಗುಂಡಪ್ಪ ಎಂದು ಇಟ್ಟರು. ಬೇಡಿ ಪಡೆದದ್ದು ಎಂದು ಭಿಕ್ಷಪ್ಪ.

ಲಸಿಕೆ ಇಲ್ಲದ, ದವಾಖಾನೆ ಇಲ್ಲದ ಹಳ್ಳಿಯಲ್ಲಿ ತಾಯಿಯ ಕೈಯಲ್ಲಿದ್ದ ಔಷಧ ಅದೊಂದೇ. ಕೂಸು ಬದುಕಬೇಕೆಂದು ಅತ್ತು ಇಟ್ಟ ಹೆಸರು ಅದು. ಚಂದದ ಹೆಸರು ಇಡಲು ಅವಳಿಗೂ ಮನಸ್ಸಿತ್ತು, ಧೈರ್ಯ ಇರಲಿಲ್ಲ. ಇಂದು ಈ ಹೆಸರು ತೊಟ್ಟಿಲುಗಳಿಂದ ಹೋಗಿದೆ. ಅದರ ಹಿಂದೆ ಫ್ಯಾಷನ್ನಿಗಿಂತ ದೊಡ್ಡ ಕಾರಣ ಇದೆ: ಕೂಸುಗಳು ಉಳಿಯುತ್ತಿವೆ. ಒಂದು ಹೆಸರು ಕಾಣೆಯಾದದ್ದಕ್ಕೆ ನಾನು ಸಂತೋಷಪಡುವ ಸಂದರ್ಭ ಇದೊಂದೇ.

ಇದೇ ಜಾತಿಗೆ ಸೇರಿದ್ದೆಂದು ಜನ ತಿಳಿಯುವ ಸಾಕಮ್ಮ ಬೇರೆ. ಹೆಣ್ಣು ಹುಟ್ಟಿದ್ದು ಸಾಕು ಎಂದು ಇಟ್ಟ ಸಾಕಮ್ಮಂದಿರು ಇದ್ದಾರೆ. ಆ ಹೆಸರನ್ನು ಹೊತ್ತವರ ಸಂಕಟಕ್ಕೆ ನನ್ನಲ್ಲಿ ಸಮಾಧಾನವಿಲ್ಲ.

ಹೆಸರು ಬದಲಿಸಬಹುದು. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ರಾಜ್ಯಪತ್ರ. ಆದರೆ ಪಹಣಿ, ಪಿಂಚಣಿ, ಬ್ಯಾಂಕು, ಪಡಿತರ ಚೀಟಿ ಎಲ್ಲದರಲ್ಲೂ ಈ ವಯಸ್ಸಿನಲ್ಲಿ ತಿದ್ದಿಸುತ್ತ ತಿರುಗಬೇಕಾಗುತ್ತದೆ. ನಿಮ್ಮ ಮನಸ್ಸು ಗಟ್ಟಿಯಾಗಿದ್ದರೆ ಮಾಡಿ, ಯಾರೂ ತಡೆಯಬಾರದು. ಮಾಡುವ ಮೊದಲು ಮೊಮ್ಮಕ್ಕಳನ್ನು ಕೂಡಿಸಿಕೊಂಡು ನಿಮ್ಮ ಅವ್ವನ ಕಥೆ ಹೇಳಿ.

ನಮ್ಮ ಮುತ್ಯಾನ ಹೆಸರು ಮನೆಯಲ್ಲಿ ನಿಂಗಪ್ಪ. ಹಳೆಯ ಒಂದು ಕಾಗದದಲ್ಲಿ ‘ನಿಂಗ್ಯಾ’ ಎಂದಿದೆ. ಅದೇ ಕಾಗದದಲ್ಲಿ ಸಾಲ ಕೊಟ್ಟವರ ಹೆಸರಿಗೆ ‘ಅಪ್ಪ’, ‘ಗೌಡ’ ಎಲ್ಲ ಇದೆ. ಇದು ಉಚ್ಚಾರದ ವ್ಯತ್ಯಾಸವೇ?
— ಬಿ.ಎ. ವಿದ್ಯಾರ್ಥಿ, ಜೇವರ್ಗಿ

ಉಚ್ಚಾರದ್ದಲ್ಲ ತಮ್ಮಾ. ಬರೆದವನ ಕೈಯದು.

‘ಯಾ’ ಎಂಬ ಕೊನೆ ನಮ್ಮ ಕಡೆ ಸಲಿಗೆಗೂ ಬರುತ್ತದೆ. ತಾಯಿ ಮಗನನ್ನು ಬಸ್ಯಾ, ಮಲ್ಯಾ ಎಂದು ಕೂಗುತ್ತಾಳೆ, ಗೆಳೆಯ ಗೆಳೆಯನನ್ನು ಕೂಗುತ್ತಾನೆ. ಅದೇ ಯಾ ಊರಗೌಡನ ಬಾಯಲ್ಲಿ, ಪಟವಾರಿಯ ಲೇಖನಿಯಲ್ಲಿ, ಎಂಬತ್ತು ವರ್ಷದ ಹೊಲೆಯರ, ಮಾದಿಗರ ಮುದುಕನಿಗೆ ಹತ್ತಿದಾಗ ಅದು ಸಲಿಗೆಯಾಗಿ ಉಳಿಯಲಿಲ್ಲ. ‘ಅಪ್ಪ’, ‘ಅಣ್ಣ’, ‘ಅಮ್ಮ’ ಹಚ್ಚಿಕೊಳ್ಳುವ ಹಕ್ಕನ್ನೇ ಅವರಿಗೆ ಕೊಡದ ಊರುಗಳಿದ್ದವು. ಹೆಂಗಸರಿಗೂ ಹಾಗೆಯೇ. ಒಬ್ಬಳು ನಿಂಗಮ್ಮ, ಇನ್ನೊಬ್ಬಳು ನಿಂಗಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಎಲ್ಲ ಕಸುಬಿನವರ ಹೆಸರಿಗೂ ಒಂದೇ ‘ಅಯ್ಯ’ ಹತ್ತಿತ್ತು. ಆ ನೆಲದಲ್ಲೇ ಮುಂದೆ ಇದು ನಡೆಯಿತು ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಇದನ್ನು ಮುರಿದದ್ದು ಸಾಲೆ, ಕಾನೂನು, ಎಲ್ಲಕ್ಕಿಂತ ಹೆಚ್ಚಾಗಿ ಅಂಬೇಡ್ಕರರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧ ಧರ್ಮ ಸ್ವೀಕರಿಸಿದ ಮೇಲೆ ಮರಾಠವಾಡ, ಸೊಲ್ಲಾಪುರದ ದಾರಿಯಿಂದ ನಮ್ಮ ಓಣಿಗಳಿಗೂ ಹೊಸ ಹೆಸರುಗಳು ಬಂದವು: ಗೌತಮ, ಸಿದ್ಧಾರ್ಥ, ರಾಹುಲ, ಮಿಲಿಂದ, ಸುಜಾತಾ, ರಮಾಬಾಯಿ. ಈ ಹೆಸರುಗಳಿಗೆ ಯಾ ಹಚ್ಚಿ ಕಿರಿದುಮಾಡಲು ಊರಿಗೆ ಅಷ್ಟು ಸುಲಭವಾಗಿ ಬರಲಿಲ್ಲ. ಭೀಮರಾವ್ ಎಂಬ ಹೆಸರು ಬಂದಾಗ ಇಲ್ಲಿ ಮೊದಲೇ ಭೀಮಾ ನದಿಯ ಹೆಸರಿನ ಭೀಮರಾಯ, ಭೀಮಶಾ, ಭೀಮಾಶಂಕರ ಇದ್ದವು. ಹಾಗಾಗಿ ಇವತ್ತು ಒಬ್ಬ ಭೀಮರಾಯನ ಹೆಸರು ಹೊಳೆಯದೋ ಬಾಬಾಸಾಹೇಬರದೋ ಎಂದು ಅವರ ಮನೆಯವರನ್ನೇ ಕೇಳಬೇಕು.

ಆ ಕಾಗದ ಹರಿಯಬೇಡಿ. ನಿಮ್ಮ ಮನೆತನದ ಇತಿಹಾಸ ಬರೆಯುವಾಗ ಮುತ್ಯಾನನ್ನು ನಿಂಗಪ್ಪ ಎಂದೇ ಬರೆಯಿರಿ, ಕಾಗದದಲ್ಲಿ ಹೀಗಿದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ನಮ್ಮೂರಿನವರೇ ಆದ ಮಾಜಿ ಮುಖ್ಯಮಂತ್ರಿಗಳ ಹೆಸರು ಧರ್ಮಸಿಂಗ್ ಸರಿಯೋ, ಧರಂಸಿಂಗ್ ಸರಿಯೋ?
— ನೆಲೋಗಿ

ಪತ್ರಿಕೆಗಳಲ್ಲಿ ನಡೆದದ್ದು ಧರಂ ಸಿಂಗ್. 1936ರಲ್ಲಿ ನೆಲೋಗಿಯಲ್ಲಿ ಹುಟ್ಟಿ, ಜೇವರ್ಗಿಯಿಂದ ಮತ್ತೆ ಮತ್ತೆ ಗೆದ್ದು, 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಅವರದು ರಜಪೂತ ಮನೆತನ. ಉತ್ತರದ ಮಾತುಗಳಲ್ಲಿ ಪದದ ಕೊನೆಯ ಅಕಾರ ಬಿದ್ದು, ಒತ್ತಕ್ಷರ ಒಡೆದು ಧರ್ಮ ‘ಧರಮ್’ ಆಗುತ್ತದೆ. ಕರ್ಮ ‘ಕರಮ್’ ಆದಂತೆ. ಕನ್ನಡದ ಬಾಯಿಗೆ ಕೊನೆಯಲ್ಲಿ ಸ್ವರ ಬೇಕು, ಹಾಗಾಗಿ ಹಳ್ಳಿಗಳಲ್ಲಿ ಜನ ಧರ್ಮಸಿಂಗ ಎಂದರು. ಬರೆಯುವಾಗ ಅವರು ಬರೆದುಕೊಂಡಂತೆ ಧರಂ ಸಿಂಗ್ ಎಂದೇ ಇರಲಿ. ಧರ್ಮಸಿಂಗ ಎಂದು ಕೂಗಿದ ಹಳ್ಳಿಯವರ ಮಾತಿಗೂ ತಪ್ಪಿನ ಗುರುತು ಹಾಕಬೇಡಿ.

ಇದರ ತಿರುವುಮುರುವೂ ನಡೆದಿದೆ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, ಸರ್ಕಾರಿ ಬರಹ ಉರ್ದುವಿನಲ್ಲಿ ನಡೆಯುತ್ತಿತ್ತು. ಉರ್ದು ಲಿಪಿಯಲ್ಲಿ ಗಿಡ್ಡ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಣ, ಳ ಅಕ್ಷರಗಳೂ ಇಲ್ಲ. ಆ ದಫ್ತರದೊಳಗೆ ಹೋದ ಕಡಕೋಳದ ಭಕ್ತ ಮಡಿವಾಳಪ್ಪ ಹೊರಗೆ ಬರುವಾಗ ಮಡಿವಾಲಪ್ಪ. ಆಮೇಲೆ ಇಂಗ್ಲಿಷ್ ಬಂತು, ಅದರಲ್ಲೂ ಣ, ಳ ಇಲ್ಲ. ಈಗ ಕಂಪ್ಯೂಟರು ಇಂಗ್ಲಿಷಿನಿಂದ ತಾನೇ ಕನ್ನಡಕ್ಕೆ ತಿರುಗಿಸಿ ‘ಶರನಪ್ಪ’ ಎಂದು ಅಚ್ಚು ಹಾಕುತ್ತದೆ. ಈರಣ್ಣ ಎಂಬುದು ಜನರ ಬಾಯಿಂದ ಹುಟ್ಟಿದ ರೂಪ. ‘ಶರನಪ್ಪ’ ಎಂದು ಕರೆಯುವ ಬಾಯಿ ಮಾತ್ರ ಈ ಸೀಮೆಯಲ್ಲಿ ಎಲ್ಲೂ ಇಲ್ಲ. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಕಂಡಲ್ಲಿ ತಿದ್ದಿಸಬೇಕು.

ಘತ್ತರಗಿ ಭಾಗ್ಯವಂತಿ ದೇವಿಗೆ ಹರಕೆ ಹೊತ್ತು ಹುಟ್ಟಿದ ಮಗಳು. ಭಾಗ್ಯವಂತಿ ಎಂದೇ ಇಡಬೇಕೇ, ಭಾಗ್ಯಶ್ರೀ ನಡೆಯುತ್ತದೆಯೇ?
— ಅಫಜಲಪುರ

ನಡೆಯುತ್ತದೆ. ನಿಮ್ಮ ಭಾಗದಲ್ಲಿ ಭಾಗಮ್ಮ, ಭಾಗೀರಥಿ, ಭಾಗ್ಯವಂತಿ, ಭಾಗ್ಯಶ್ರೀ ಎಲ್ಲರನ್ನೂ ಮನೆಯಲ್ಲಿ ‘ಭಾಗೂ’ ಎಂದೇ ಕರೆಯುತ್ತಾರೆ. 1989ರ ಕೊನೆಗೆ ಬಂದ ‘ಮೈನೆ ಪ್ಯಾರ್ ಕಿಯಾ’ ಸಿನಿಮಾದ ನಾಯಕಿಯ ಹೆಸರು ಭಾಗ್ಯಶ್ರೀ ಆಗಿದ್ದು ಆ ರೂಪಕ್ಕೆ ಬಲ ಕೊಟ್ಟಿತು. ಹರಕೆಯ ತಾಯಿಗೂ ಸಲ್ಲುತ್ತದೆ, ಹೊಸ ಕಾಲದ ಕಿವಿಗೂ ಒಪ್ಪುತ್ತದೆ ಎಂದು ಮನೆಯವರು ಆರಿಸಿಕೊಂಡರು. ನನ್ನ ಮನಸ್ಸು ಮಾತ್ರ ಭಾಗ್ಯವಂತಿಯ ಕಡೆ. ಭೀಮೆಯ ದಂಡೆಯ ಆ ಗುಡಿಯ ಬಾಗಿಲಲ್ಲಿ ನಿಂತು ಕೂಗಿದರೆ ಹತ್ತಾರು ಹೆಣ್ಣುಮಕ್ಕಳು ಹೊರಳಿ ನೋಡುವ ಹೆಸರದು.

ಮಗಳಿಗೆ ಆರಾಧ್ಯ ಎಂದು ಇಟ್ಟಿದ್ದೇವೆ. ನಮ್ಮ ಮಾವನವರು ‘ಅದು ಗಂಡಸರ ಹೆಸರು, ಅಯ್ಯನವರ ಹೆಸರು’ ಎಂದು ಬೇಸರ ಮಾಡಿಕೊಂಡಿದ್ದಾರೆ. ಬರೆಯುವಾಗ ದೀರ್ಘ ಬೇಕೇ?
— ಕಲಬುರಗಿ

ಮಾವನವರು ಹೇಳುವುದರಲ್ಲಿ ಹುರುಳಿದೆ. ವೀರಶೈವ ಪರಂಪರೆಯಲ್ಲಿ ಆರಾಧ್ಯರು ಎಂದರೆ ಗುರುಗಳು. ಹನ್ನೆರಡನೆಯ ಶತಮಾನದ ಮಲ್ಲಿಕಾರ್ಜುನ ಪಂಡಿತಾರಾಧ್ಯರಿಂದ ಹಿಡಿದು ಇಂದಿನವರೆಗೆ ಅದು ಗಂಡಸರ ಹೆಸರು, ಮನೆತನದ ಹೆಸರು. ಹೆಣ್ಣುಮಕ್ಕಳಿಗೆ ಇಡುವ ರೂಢಿ ದೇಶದ ತುಂಬ ಹಬ್ಬಿದ್ದು ಐಶ್ವರ್ಯಾ ರೈ, ಅಭಿಷೇಕ್ ಬಚ್ಚನ್ ದಂಪತಿಗೆ 2011ರ ನವೆಂಬರಿನಲ್ಲಿ ಹುಟ್ಟಿದ ಮಗಳ ಹೆಸರು ಹೊರಬಂದ ಮೇಲೆ. ಗುರುವಿನ ಪಟ್ಟ ಹೆಣ್ಣುಮಗಳಿಗೂ ಬಂತು ಎಂದು ಮಾವನವರಿಗೆ ಹೇಳಿ. ಅಕ್ಕಮಹಾದೇವಿಯನ್ನು ಅಕ್ಕ ಎಂದು ಒಪ್ಪಿಕೊಂಡ ಪರಂಪರೆ ಅವರದು.

ಬರೆಯುವಾಗ ‘ಆರಾಧ್ಯಾ’ ಎಂದು ದೀರ್ಘವೇ ಇರಲಿ. ಸಂಸ್ಕೃತದಲ್ಲಿ ಹೆಣ್ಣಿನ ರೂಪ ಅದು. ಹಿಂದೆ ಕನ್ನಡಕ್ಕೆ ಬಂದ ಗಂಗಾ ಗಂಗೆ ಆಗುತ್ತಿದ್ದಳು, ಸೀತಾ ಸೀತೆ ಆಗುತ್ತಿದ್ದಳು. ಈಗಿನ ಹೆಸರುಗಳು ಹಾಗೆ ಬಾಗುತ್ತಿಲ್ಲ. ‘ಆರಾಧ್ಯೆ’ ಎಂದು ಯಾರೂ ಕರೆಯುವುದಿಲ್ಲ.

ನಮ್ಮ ಮಗಳ ಹೆಸರು ಜೈನಬ್. ಪಂಚಾಯಿತಿಯಲ್ಲಿ ಝೈನಬ್, ಅಂಗನವಾಡಿಯಲ್ಲಿ ಜೈನಾಬ್, ಆಧಾರಿನಲ್ಲಿ ಜೈನಬ್. ಯಾವುದು ಸರಿ?
— ಆಳಂದ

ನಿಮ್ಮ ಮನೆಯಲ್ಲಿ ಹೇಳುವ ದನಿಗೆ ಹತ್ತಿರವಾದದ್ದು ‘ಜ಼ೈನಬ್’, ಜಕಾರದ ಕೆಳಗೆ ಚುಕ್ಕೆಗಳಿರುವ ಅಕ್ಷರ. ಎಷ್ಟೋ ಕೀಲಿಮಣೆಗಳಲ್ಲಿ ಆ ಚುಕ್ಕೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಕೆಲವರು ಝ ಬಳಸುತ್ತಾರೆ. ಅದು ಮಹಾಪ್ರಾಣ, ದನಿ ಬೇರೆ. ಚುಕ್ಕೆ ಬಾರದಿದ್ದರೆ ಬರಿಯ ಜ ಸಾಕು. ಆಧಾರಿನಲ್ಲಿರುವ ಜೈನಬ್ ಅನ್ನೇ ಹಿಡಿದು ಉಳಿದೆರಡನ್ನು ಅದಕ್ಕೆ ಹೊಂದಿಸಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅವನ್ನು ಈಗಲೇ ಖರ್ಚು ಮಾಡಬೇಡಿ.

ಆಳಂದದಿಂದ ಬರೆದಿದ್ದೀರಿ, ಲಾಡ್ಲೆ ಮಶಾಕರ ಊರು. ದರ್ಗಾದ ಹೆಸರು ಎರಡೂ ಕಡೆಯ ತೊಟ್ಟಿಲಿಗೆ ಬಂದದ್ದು ಈ ಸೀಮೆಯಲ್ಲಿ ಸಹಜವಾಗಿತ್ತು. ಸಾಯಬಣ್ಣ, ಹುಸೇನಪ್ಪ, ಫಕೀರಪ್ಪ, ಮೌಲಪ್ಪ, ಪೀರಪ್ಪ, ಖಾಜಪ್ಪ. ಮುಂದೆ ಪೀರರ ಮಾತು, ಹಿಂದೆ ನಮ್ಮ ಅಪ್ಪ, ಅಣ್ಣ. ಮೊಹರಮ್ಮಿನಲ್ಲಿ ಹರಕೆ ಹೊತ್ತ ಹಿಂದೂ ಮನೆಗಳು ಇಟ್ಟ ಹೆಸರುಗಳಿವು. ಫಕೀರಪ್ಪ ‘ಪಕೀರಪ್ಪ’ ಆದ, ಖಾಜಪ್ಪ ‘ಕಾಜಪ್ಪ’ ಆದ, ಯಾರಿಗೂ ಕೊರತೆ ಕಾಣಲಿಲ್ಲ. ಇಂಥ ಹೆಸರು ಈಗ ಹೊಸ ಕೂಸುಗಳಿಗೆ ಇಡುವುದು ತೀರ ಕಡಿಮೆಯಾಗಿದೆ. ಶರಣಬಸಪ್ಪ ಕಡಿಮೆಯಾಗುವುದಕ್ಕಿಂತ ಇದು ನನಗೆ ಹೆಚ್ಚು ನೋವು ಕೊಡುತ್ತದೆ. ಅಪ್ಪನ ಹೆಸರನ್ನು ಉಳಿಸಲು ಗುಡಿ ಇದೆ, ಸಂಸ್ಥೆಗಳಿವೆ. ಸಾಯಬಣ್ಣನಿಗೆ ಇದ್ದದ್ದು ಓಣಿಯ ಸ್ನೇಹ ಮಾತ್ರ.

ಮಗ ಹುಟ್ಟಿ ಎರಡು ವರ್ಷ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ನಾನು ದುಬೈಯಲ್ಲಿ ಕೆಲಸಕ್ಕಿದ್ದೇನೆ, ಮುಂದೆ ಕರೆಸಿಕೊಳ್ಳುವ ವಿಚಾರವಿದೆ. ರೇವಣಸಿದ್ದಪ್ಪ ಎಂದು ಮಾತ್ರ ಹಾಕಿಸಿದರೆ ಸಾಕೇ?
— ಜೇವರ್ಗಿ ತಾಲ್ಲೂಕಿನವರು, ಸದ್ಯ ದುಬೈ

ಖಾಲಿ ಇರುವುದಕ್ಕೆ ಗಾಬರಿ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೂ ಜನನ ನೋಂದಾಯಿಸಲು ಅವಕಾಶವಿದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಸಣ್ಣ ತಡಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಎಲ್ಲಿ ನೋಂದಣಿಯಾಗಿದೆಯೋ ಅದೇ ನೋಂದಣಾಧಿಕಾರಿಯ ಬಳಿ ಹೋಗಬೇಕು. ಸೇರಿಸುವುದು ಸುಲಭ, ಸೇರಿಸಿದ ಹೆಸರನ್ನು ಆಮೇಲೆ ಬೇರೆ ಮಾಡುವುದು ಬಹಳ ಕಷ್ಟ. ತಿದ್ದುಪಡಿಯಾದ ಕಾಯ್ದೆಯಂತೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಕನ್ನಡ, ಇಂಗ್ಲಿಷ್ ಎರಡರ ಕಾಗುಣಿತವನ್ನೂ ನೀವೇ ಒಂದು ಹಾಳೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿ ಬರಬೇಡಿ. ರೇವಣಸಿದ್ದಪ್ಪನ ಣ ಕನ್ನಡದಲ್ಲಿ ಣ ಆಗಿಯೇ ಬಂದಿದೆಯೇ ಎಂದು ಪರದೆ ನೋಡಿಯೇ ಒಪ್ಪಿಗೆ ಕೊಡಲು ಮನೆಯವರಿಗೆ ತಿಳಿಸಿ.

ಒಂಟಿ ಹೆಸರು ಸಾಲದು. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟಪಡಿಸಿತು. ಮಗನಿಗೆ ನಿಮ್ಮ ಮನೆತನದ ಅಡ್ಡಹೆಸರನ್ನೋ ಊರಿನ ಹೆಸರನ್ನೋ ಈಗಲೇ ಸೇರಿಸಿ ಬರೆಸಿ. ನಮ್ಮ ಸೀಮೆಯಲ್ಲಿ ಊರೇ ಅಡ್ಡಹೆಸರಾಗುವುದು ಹಿಂದಿನಿಂದ ಬಂದದ್ದು. ಅಲ್ಲಿನ ಶಾಲೆಯಲ್ಲಿ ಟೀಚರಿಗೆ ಪೂರ್ತಿ ಹೆಸರು ತಿರುಗದಿದ್ದರೆ ಮಗ ‘ರೇವಣ’ ಎಂದು ಹೇಳಿಕೊಡಲಿ. ‘ರೇವನ್’ ಎಂದು ಅವರು ಕರೆದಾಗೆಲ್ಲ ತಿದ್ದಿ ಹೇಳುವುದನ್ನು ಅವನಿಗೆ ಈಗಿನಿಂದಲೇ ಕಲಿಸಿ.